ಒಬ್ಬರಿಗೆ ಸಾಕಾಗುವ ತಪ್ಪಲೆ

ನಮ್ಮೂರಿನ ಪೇಟೆಬೀದಿಯಲ್ಲಿ ಎದ್ದ ಕೂಡಲೇ ಎಲ್ಲರೂ ಪಕ್ಕದ ಅಂಗಡಿಯ ಮೆಟ್ಟಿಲು ನೋಡುತ್ತಾರೆ. ಮುಖ ತೊಳೆಯುವುದೆಲ್ಲ ಆಮೇಲೆ. ಮಾರಿದವರಿಗೂ ಕೊಂಡವರಿಗೂ ಮನಸ್ಸು ಕೂಡದೆ ಮಾರಾಟವಾದ ಸಾಮಾನು ಬೆಳಗಾಗುವಷ್ಟರಲ್ಲಿ ವಾಪಸ್ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತದೆ. ಹೇಗೆ ಬರುತ್ತದೆ ಎಂದು ಕೇಳಬೇಡಿ. ಯಾರೂ ನೋಡಿಲ್ಲ, ನೋಡಬೇಕೆಂದು ಯಾರಿಗೂ ಅನ್ನಿಸಿಯೂ ಇಲ್ಲ; ಯಾರ ಮೆಟ್ಟಿಲಿಗೆ ಏನೇನು ಬಂದಿದೆ ಎಂದು ನೋಡಿ ಮಾತಾಡುವುದಕ್ಕೇ ನಮಗೆ ಹೊತ್ತು ಸಾಲುವುದಿಲ್ಲ. ಛತ್ರಿ, ಪೊರಕೆ, ಲುಂಗಿ, ಬೀಗ ಎಲ್ಲ ಬರುತ್ತವೆ. ಒಮ್ಮೆ ಒಂದು ಮಂಚವೇ ಬಂದಿತ್ತು, ಮೇಲೆ ಮಲಗಿದ್ದವನ ಸಮೇತ. ತಿಂದದ್ದು ಮಾತ್ರ ವಾಪಸ್ ಬರುವುದಿಲ್ಲ. ಅದಕ್ಕೇ ನಮ್ಮೂರಿನ ಹೋಟೆಲಿನವರು ಯಾರ ಜೊತೆಗೂ ಮುಖ ಕೊಟ್ಟು ಮಾತಾಡುವುದಿಲ್ಲ.

ನಾನು ಹಾಲಮ್ಮ. ಊರಿಗೆಲ್ಲ ಪಾತ್ರೆ ಹಾಲಕ್ಕ. ಅಪ್ಪನಿಂದ ಬಂದ ಸ್ಟೀಲ್ ಪಾತ್ರೆ ಅಂಗಡಿಯನ್ನು ಮೂವತ್ತು ವರ್ಷದಿಂದ ನಡೆಸುತ್ತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ಉಳಿದ ವಿದ್ಯೆಯನ್ನೆಲ್ಲ ಗಿರಾಕಿಗಳ ಬಾಯಿಂದಲೇ ಕಲಿತದ್ದು. ಯಾರ ಮಗಳಿಗೆ ಎಷ್ಟನೇ ತಿಂಗಳು, ಯಾರ ಭಾವನಿಗೆ ಯಾವ ಕಾಲಿನಲ್ಲಿ ನೋವು, ಯಾವ ಮನೆಯ ಅತ್ತೆಗೆ ಉಪ್ಪು ಮುಂದಿರಬೇಕು, ಇವನ್ನೆಲ್ಲ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ನಮ್ಮ ಕಸುಬಿನಲ್ಲಿ ಪಾತ್ರೆ ಕೊಂಡವರ ಹೆಸರನ್ನು ಅದರ ಕಂಠದ ಮೇಲೆ ಪುಟ್ಟ ಮೆಷಿನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಕೊರೆದುಕೊಡುವ ಪದ್ಧತಿಯಿದೆ. ಮದುವೆಮನೆಗಳಲ್ಲಿ ಪಾತ್ರೆ ಅದಲುಬದಲಾಗದಿರಲಿ ಅಂತ ಹುಟ್ಟಿದ ಪದ್ಧತಿ. ನಮ್ಮೂರಿನಲ್ಲಿ ಅದರಿಂದ ಇನ್ನೊಂದು ಅನುಕೂಲವೂ ಆಗಿದೆ: ಪಾತ್ರೆ ವಾಪಸ್ ಬಂದರೆ ಅಂಗಡಿಯವಳಿಗೆ ಯಾರ ಜೊತೆ ಕೆಟ್ಟಿದೆ ಎಂದು ದಾರಿಯಲ್ಲಿ ಹೋಗುವವರೆಲ್ಲ ಓದಿಕೊಳ್ಳಬಹುದು.

ನನ್ನ ಮೆಟ್ಟಿಲ ಮೇಲೆ ಮಾತ್ರ ಎಂಟು ವರ್ಷದಿಂದ ಒಂದು ಚಮಚವೂ ಬಂದಿರಲಿಲ್ಲ. ಗಿರಾಕಿಯ ಮನಸ್ಸು ಬಲ್ಲವಳು ಅನ್ನುವ ಹೆಸರು ನನಗೆ ಸುಮ್ಮನೆ ಬರಲಿಲ್ಲ. ಯಾರೇ ಬರಲಿ, "ಮನೇಲಿ ಎಷ್ಟು ಜನ?" ಅಂತಲೇ ನನ್ನ ಮೊದಲ ಪ್ರಶ್ನೆ. ನಾಲ್ಕು ಜನ ಅಂದರೆ ಐದು ಜನಕ್ಕಾಗುವ ಪಾತ್ರೆ ಇಳಿಸುತ್ತೇನೆ. "ನೆಂಟ್ರು ಬರಲ್ವಾ? ಸೊಸೆ ಬರಲ್ವಾ? ಮೊಮ್ಮಕ್ಕಳು ಆಗಲ್ವಾ?" ಅನ್ನುತ್ತೇನೆ. ಅವರು ನಾಚಿಕೊಂಡು, ಇಲ್ಲ ನಿಟ್ಟುಸಿರು ಬಿಟ್ಟು, ದೊಡ್ಡದನ್ನೇ ಒಯ್ಯುತ್ತಾರೆ. ಪ್ರೀತಿಯೂ ಆಯಿತು, ವ್ಯಾಪಾರವೂ ಆಯಿತು.

ನನ್ನ ಅಂಗಡಿಯ ಎದುರಿಗೇ ಓಬಳೇಶನ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಅವನೊಬ್ಬ ವಿಚಿತ್ರ ಪ್ರಾಣಿ. ಗಿರಾಕಿ ಬಂದರೆ "ಏನು?" ಅನ್ನುತ್ತಾನೆ. ಬಕೆಟ್ ಅಂದರೆ ಬಕೆಟ್ ಕೊಡುತ್ತಾನೆ. ಆಮೇಲೆ ರಸ್ತೆ ನೋಡುತ್ತಾನೆ. ನಗು ಇಲ್ಲ, ಕುಶಲ ಇಲ್ಲ, ನೀರು ಬೇಕಾ ಅನ್ನುವುದಿಲ್ಲ. ಆದರೂ ಅವನ ಮೆಟ್ಟಿಲಿಗೆ ಒಂದು ಮಗ್ಗೂ ವಾಪಸ್ ಬಂದದ್ದಿಲ್ಲ. ಇದನ್ನು ವರ್ತಕರ ಸಂಘದವರು ಗಂಭೀರವಾಗಿ ಚರ್ಚೆ ಮಾಡಿ, ಪ್ಲಾಸ್ಟಿಕ್ಕಿಗೆ ನಡೆಯುವ ಶಕ್ತಿಯಿಲ್ಲ ಎಂದು ತೀರ್ಮಾನಿಸಿದ್ದರು. ನಾನೂ ಕೈ ಎತ್ತಿದ್ದೆ.

ಸಂಘದ ಒಂದು ಹಳೆಯ ನಿಯಮವಿದೆ. ಒಬ್ಬರೇ ಗಿರಾಕಿಯ ಸಾಮಾನು ಸಾಲಾಗಿ ಒಂಬತ್ತು ಬೆಳಿಗ್ಗೆ ವಾಪಸ್ ಬಂದರೆ ಆ ಅಂಗಡಿ ಪೇಟೆಬೀದಿ ಬಿಟ್ಟು ಹಳ್ಳದ ಸಾಲಿಗೆ ಹೋಗಬೇಕು. ಹಳ್ಳದ ಸಾಲೆಂದರೆ ಊರಿನ ಕೊಳಚೆ ಹರಿಯುವ ಕಡೆ. ಅಲ್ಲಿ ಮಾರುವವರಿದ್ದಾರೆ, ಕೊಳ್ಳುವವರಿಲ್ಲ. ಹೋದವರು ಯಾರೂ ತಿರುಗಿ ಬಂದದ್ದಿಲ್ಲ. ತಿಂದದ್ದು ಬಿಟ್ಟರೆ ನಮ್ಮೂರಿನಲ್ಲಿ ತಿರುಗಿ ಬಾರದಿರುವುದು ಅದೊಂದೇ.

ಇಷ್ಟು ಹೇಳಿದ ಮೇಲೆ ವನಮಾಲಾ ವಿಷಯಕ್ಕೆ ಬರುತ್ತೇನೆ. ದನದ ಆಸ್ಪತ್ರೆಗೆ ಹೊಸದಾಗಿ ವರ್ಗವಾಗಿ ಬಂದ ಡಾಕ್ಟರಮ್ಮ. ನಲವತ್ತರ ಹತ್ತಿರದ ವಯಸ್ಸು, ಗಟ್ಟಿ ಕೈ, ಮೆಲ್ಲಗಿನ ಮಾತು. ಒಂದು ಸಂಜೆ ಬಂದು ನಿಂತು, ಮೇಲಿನ ಕೊಕ್ಕೆಗೆ ತೂಗುಹಾಕಿದ್ದ ತಪ್ಪಲೆ ಸೆಟ್ಟಿನ ಕಡೆ ಬೆರಳು ತೋರಿಸಿದರು. ಏಳು ತಪ್ಪಲೆಗಳ ಸೆಟ್ಟು ಅದು, ಒಂದರೊಳಗೊಂದು ಕೂರುವಂಥದ್ದು. ದೊಡ್ಡದರಲ್ಲಿ ಹತ್ತು ಜನಕ್ಕೆ ಅನ್ನವಾಗುತ್ತದೆ, ಪುಟ್ಟದರಲ್ಲಿ ಒಬ್ಬರಿಗೆ.

"ಆ ಪುಟ್ಟದು ಕೊಡಿ ಅಕ್ಕ," ಅಂದರು.

ನನಗೆ ನಗು ಬಂತು. "ಅಯ್ಯೋ ಡಾಕ್ಟ್ರಮ್ಮಾ, ಅದು ಲೆಕ್ಕಕ್ಕೆ ಅಂತ ಇರೋದು ಕಣ್ರೀ. ಸೆಟ್ಟು ಒಡೆದು ಅದೊಂದನ್ನೇ ಮಾರೋದನ್ನ ನಮ್ಮಪ್ಪನೂ ಮಾಡಿಲ್ಲ. ಒಬ್ಬರೇ ಉಣ್ಣೋ ಮನೆ ಎಲ್ಲಿದೆ ನಮ್ಮೂರಲ್ಲಿ? ಮನೇಲಿ ಎಷ್ಟು ಜನ?"

"ಒಬ್ಬಳೇ."

"ಇವತ್ತು ಒಬ್ರು! ನಾಳೆ ನೆಂಟ್ರು ಬರಲ್ವಾ? ಅಮ್ಮ ಬರಲ್ವಾ? ಅಲ್ಲ, ಮದುವೆ ಗಿದುವೆ...?"

ಅವರು ಇನ್ನೊಮ್ಮೆ ಆ ಪುಟ್ಟದರ ಕಡೆ ನೋಡಿದರು. ಪಾಪ, ಸಂಕೋಚ ಅಂದುಕೊಂಡೆ. ಒಡೆಯಬಾರದ ಸೆಟ್ಟನ್ನು ಅವರ ಮೇಲಿನ ಅಕ್ಕರೆಗೆ ಒಡೆದು ನಾಲ್ಕು ಜನಕ್ಕಾಗುವುದನ್ನು ಇಳಿಸಿದೆ, "ವನಮಾಲಾ" ಎಂದು ಚೆಂದವಾಗಿ ಹೆಸರು ಕೊರೆದೆ, ಮೇಲೊಂದು ಚಮಚ ಉಚಿತವಾಗಿ ಕೊಟ್ಟು ಕಳಿಸಿದೆ.

ಮರುದಿನ ಬೆಳಿಗ್ಗೆ ಹಾಲಿನವನು ನನ್ನ ಮನೆ ಬಾಗಿಲು ತಟ್ಟಿದ. "ಹಾಲಕ್ಕಾ, ನಿಮ್ ಮೆಟ್ಟಿಲ ಮೇಲೆ ಯಾರೋ ವನಮಾಲಾ ಕೂತವ್ರೆ ನೋಡಿ!" ಅಂದ. ಅಷ್ಟು ಖುಷಿಯಾಗಿ ಅವನು ಯಾವತ್ತೂ ಹಾಲು ಹಾಕಿರಲಿಲ್ಲ. ಹೋಗಿ ನೋಡಿದರೆ ತಪ್ಪಲೆ, ಅದರೊಳಗೆ ನೀರಿನಲ್ಲಿ ನೆನೆದ ಒಂದು ಹಿಡಿ ಅಕ್ಕಿ, ಪಕ್ಕದಲ್ಲಿ ನನ್ನ ಉಚಿತ ಚಮಚ. ಓಬಳೇಶ ತನ್ನ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದ. ಅವನ ಮುಖದಲ್ಲಿ ನಗುವಿರಲಿಲ್ಲ. ಇದ್ದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಅಕ್ಕಿ ಹುಡುಕಿಕೊಂಡು ಡಾಕ್ಟರಮ್ಮ ಬಂದರು. ನಾನು ಮೆಟ್ಟಿಲಿಳಿದು ಹೋಗಿ ಕೈ ಹಿಡಿದುಕೊಂಡೆ. "ನನ್ನಿಂದ ಏನೋ ಕಡಿಮೆಯಾಗಿದೆ ಕಣಮ್ಮಾ. ಹೊಸ ಊರು, ಒಂಟಿ ಜೀವ. ನನ್ನನ್ನ ಸ್ವಂತ ಅಕ್ಕ ಅಂದ್ಕೊಳ್ಳಿ," ಎಂದು ಕಣ್ಣಲ್ಲಿ ನೀರು ತಂದುಕೊಂಡು ಅದೇ ತಪ್ಪಲೆಯನ್ನು ಒಂದು ಮುಚ್ಚಳದ ಜೊತೆ ಕೊಟ್ಟೆ. ಮರುದಿನ ತಪ್ಪಲೆ ಬಂತು. ಮುಚ್ಚಳವೂ ಬಂತು. ಪ್ರೀತಿ ಸಣ್ಣದಾಯಿತು ಅನ್ನಿಸಿ, ಆರು ಜನಕ್ಕಾಗುವುದನ್ನು ಕೊಟ್ಟೆ. ಬಂತು. ಎಂಟು ಜನಕ್ಕಾಗುವುದನ್ನು ಒಬ್ಬಟ್ಟು ಇಟ್ಟು ಕೊಟ್ಟೆ. ತಪ್ಪಲೆ ಬಂತು, ಒಬ್ಬಟ್ಟು ಬರಲಿಲ್ಲ. ಇದನ್ನು ನಾನು ಒಳ್ಳೆಯ ಸೂಚನೆ ಎಂದೇ ತಿಳಿದೆ.

ನಾಲ್ಕನೇ ಬೆಳಿಗ್ಗೆ ಸಂಘದ ಅಧ್ಯಕ್ಷ ಬಕ್ಕೇಶಪ್ಪ ಬಂದ. ಮೂಲೆಯ ಬಟ್ಟೆ ಅಂಗಡಿಯವನು. ಯಾರ ಮನೆಯಲ್ಲಿ ಕೆಟ್ಟದ್ದಾದರೂ ಮೊದಲು ಬಂದು ಕೊನೆಗೆ ಹೋಗುವ ಸಜ್ಜನ. "ಹಾಲಮ್ಮ, ನಾಲ್ಕಾಯ್ತಲ್ಲಮ್ಮಾ," ಅಂದ.

"ನನಗೂ ಎಣಿಸೋಕೆ ಬರುತ್ತೆ ಬಕ್ಕೇಶಣ್ಣ."

"ಹಂಗಲ್ಲ. ನಮ್ಮ ಬೀದೀಲಿ ಗಿರಾಕಿಗಳ ಜೊತೆ ಸಂಬಂಧ ಅಂದ್ರೆ ನೀನು. ನೀನೇ ಹಳ್ಳದ ಸಾಲಿಗೆ ಹೋದ್ರೆ ನಮ್ಮ ಗತಿ ಏನು ಅಂತ ಸಂಘ ಯೋಚ್ನೆ ಮಾಡಿದೆ. ಪಟ್ಟಣದಿಂದ ಒಬ್ಬರನ್ನ ಕರೆಸಿದೀವಿ. ಸಂಬಂಧ ಹೆಂಗೆ ಇಟ್ಕೋಬೇಕು ಅಂತ ಪಾಠ ಮಾಡ್ತಾರಂತೆ. ಸರ್ಟಿಫಿಕೇಟೂ ಕೊಡ್ತಾರೆ."

ಬಂದವರು ವಿಶ್ವಜಿತ್ ಸರ್. ಬಿಗಿಯಾದ ಕೋಟು, ಬಿಳಿ ಹಲ್ಲು. ಸಂಘದ ಸಭಾಂಗಣದಲ್ಲಿ ನಮ್ಮನ್ನೆಲ್ಲ ಕೂರಿಸಿ ಮೂರು ಗುಟ್ಟು ಹೇಳಿದರು: ಗಿರಾಕಿ ಬಾಗಿಲಿಗೆ ಬಂದಾಗಲೇ ನಗಬೇಕು, ಮಾತಿನ ನಡುವೆ ಮೂರು ಸಲ ಅವರ ಹೆಸರು ಹೇಳಬೇಕು, ಅವರ ಮನೆಯವರನ್ನು ವಿಚಾರಿಸಬೇಕು. ಹಲ್ಲು ಎಷ್ಟು ಕಾಣಬೇಕು ಎಂದು ಕನ್ನಡಿ ಹಿಡಿದು ತೋರಿಸಿದರು. ಮೇಲಿನ ಆರು ಹಲ್ಲು ಕಂಡರೆ ಸ್ನೇಹ, ಎಂಟಾದರೆ ವಿಶ್ವಾಸ. ಬಕ್ಕೇಶಪ್ಪನಿಗೆ ಮೇಲೆ ಇರುವುದೇ ಐದು ಹಲ್ಲು. ಅವನಿಗೆ ವಿನಾಯಿತಿ ಸಿಕ್ಕಿತು. ಓಬಳೇಶ ಹಿಂದಿನ ಸಾಲಿನಲ್ಲಿ ಕೂತು ಗೊರಕೆ ಹೊಡೆಯುತ್ತಿದ್ದ. ನಾನು ಕೈ ಎತ್ತಿ, "ಇದನ್ನೆಲ್ಲ ನಾನು ಮೂವತ್ತು ವರ್ಷದಿಂದ ಮಾಡ್ತಿದೀನಿ ಸಾರ್," ಅಂದೆ. ಅವರು ಆರು ಹಲ್ಲು ತೋರಿಸಿ, "ಹಾಲಮ್ಮನವರೇ, ಹಾಲಮ್ಮನವರೇ, ಇನ್ನೂ ಜಾಸ್ತಿ ಮಾಡಿ ಹಾಲಮ್ಮನವರೇ. ಮನೆಯಲ್ಲಿ ಎಲ್ಲರೂ ಕ್ಷೇಮವಾ?" ಅಂದರು.

ಆ ಸಂಜೆ ಪೇಟೆಬೀದಿಯಲ್ಲಿ ಎಂಥ ವ್ಯಾಪಾರ ಅಂತೀರಿ! ಎಲ್ಲರೂ ನಗುವವರೇ. ಬೀಗದ ಅಂಗಡಿಯವನು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ, ಹೆದರಿಕೆಯಾಯಿತು. ಬಕ್ಕೇಶಪ್ಪ ಯಾವುದೋ ಮುದುಕಿಗೆ "ನಿಮ್ಮ ಯಜಮಾನ್ರು ಹೆಂಗಿದಾರೆ?" ಅಂತ ಮೂರು ಸಲ ವಿಚಾರಿಸಿದ, ಅವರು ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ನಾನು ಹತ್ತು ಜನಕ್ಕಾಗುವ ತಪ್ಪಲೆಯನ್ನು ವನಮಾಲಾ ವನಮಾಲಾ ವನಮಾಲಾ ಎನ್ನುತ್ತ ಒಪ್ಪಿಸಿದೆ. ಅವರು ಎರಡೂ ಕೈಯಲ್ಲಿ ಅಪ್ಪಿಕೊಂಡು, ಮುಂದಿನ ದಾರಿ ಕಾಣದೆ, ಪಕ್ಕಕ್ಕೆ ತಿರುಗಿ ತಿರುಗಿ ನಡೆದುಕೊಂಡು ಹೋದರು.

ಬೆಳಿಗ್ಗೆ ಎದ್ದರೆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀರೆಗಳ ಗುಡ್ಡ, ಬೀಗಗಳ ರಾಶಿ, ಚಪ್ಪಲಿ, ಹಗ್ಗ, ಹಾರೆ, ಕನ್ನಡಕ. ಬಕ್ಕೇಶಪ್ಪನ ಅಂಗಡಿಯ ಬಾಗಿಲೇ ಕಾಣುತ್ತಿರಲಿಲ್ಲ. ನಡುವೆ ಓಬಳೇಶನ ಮೆಟ್ಟಿಲೊಂದು ಗುಡಿಸಿಟ್ಟ ಹಾಗೆ ಖಾಲಿ. ವಿಶ್ವಜಿತ್ ಸರ್ ಇಳಿದುಕೊಂಡಿದ್ದ ಲಾಡ್ಜಿನ ರೂಮಿನ ಮುಂದೆ ಇಪ್ಪತ್ತಾರು ಸರ್ಟಿಫಿಕೇಟು ಒಂದರ ಮೇಲೊಂದು ಬಂದು ಕೂತಿದ್ದವು. ಸಂಘದವರು ಪ್ರೀತಿಯಿಂದ ಮತ್ತೆ ಸಹಿ ಕೇಳುತ್ತಿದ್ದಾರೆ ಎಂದು ತಿಳಿದು ಅವರು ಎಲ್ಲಕ್ಕೂ ಇನ್ನೊಂದು ಸಹಿ ಹಾಕಿ ಮೊದಲ ಬಸ್ಸು ಹತ್ತಿದರು.

ನನ್ನದು ಐದು ಸಲ ವಾಪಸಾಗಿತ್ತು. ಆರನೇ ಸಲ ನಾನೇ ಚಕ್ಕುಲಿ ಕಟ್ಟಿಕೊಂಡು, ಮೂರು ಜನಕ್ಕಾಗುವ ತಪ್ಪಲೆ ಹಿಡಿದುಕೊಂಡು ದನದ ಆಸ್ಪತ್ರೆಗೆ ಹೋದೆ. ಅಂಗಡಿಯಲ್ಲಿ ಬಾಯಿ ಬಿಡದವರು ಕೆಲಸದ ಜಾಗದಲ್ಲಿ ಬಿಡುತ್ತಾರೆ ಅನ್ನುವುದು ನನ್ನ ಅನುಭವ. ಡಾಕ್ಟರಮ್ಮ ಒಂದು ಎಮ್ಮೆಯ ಪಕ್ಕೆಗೆ ಕೈಯಿಟ್ಟು, ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ನಿಂತಿದ್ದರು. ಎಮ್ಮೆಯ ಯಜಮಾನ ಸುಮ್ಮನಿದ್ದ, ಎಮ್ಮೆ ಸುಮ್ಮನಿತ್ತು. ಅಷ್ಟು ಬೇಸರದ ಜಾಗದಲ್ಲಿ ಒಬ್ಬಳೇ ಹೆಣ್ಣುಮಗಳು ಹೇಗಿರುತ್ತಾಳೆ ಅಂತ ನನ್ನ ಕರುಳು ಚುರ್ರೆಂದಿತು. ನಾನು ಹತ್ತಿರ ಹೋಗಿ, ನನ್ನ ನಾದಿನಿಯ ಕಥೆ, ಗಂಡ ಬಿಟ್ಟರೂ ಹೋಟೆಲ್ ಇಟ್ಟು ಗೆದ್ದ ಅವಳ ಧೈರ್ಯ, ಎರಡನೇ ಮದುವೆಗೆ ಈಗ ಯಾರೂ ಏನೂ ಅನ್ನುವುದಿಲ್ಲ ಅನ್ನುವುದು, ಎಲ್ಲ ಹೇಳಿದೆ.

"ಅಕ್ಕಾ," ಅಂದರು ಅವರು, "ಒಂದ್ನಿಮಿಷ ಸುಮ್ನಿರ್ತೀರಾ? ಎದೆ ಬಡಿತ ಕೇಳಿಸ್ತಿಲ್ಲ."

"ನಂದಾ?"

"ಎಮ್ಮೇದು."

ಒಂದು ನಿಮಿಷ ಸುಮ್ಮನಿದ್ದೆ. ಸುಳ್ಳು ಯಾಕೆ ಹೇಳಲಿ, ಅರ್ಧ ನಿಮಿಷ. ಅಷ್ಟರಲ್ಲೇ ಡಾಕ್ಟರಮ್ಮನ ಕೈ ಎಮ್ಮೆಯ ಹೊಟ್ಟೆಯ ಕೆಳಗೆ ಒಂದು ಕಡೆ ನಿಂತಿತು. "ಇಲ್ಲಿದೆ," ಅಂದರು. ಮೊಳೆಯೋ ತಂತಿಯೋ ನುಂಗಿತ್ತಂತೆ. ಎಮ್ಮೆಯವನು ಕೈ ಮುಗಿದ. ಎಮ್ಮೆ ಹೇಳಿಕೊಳ್ಳದೆಯೇ ಇವರಿಗೆ ಗೊತ್ತಾಯಿತಲ್ಲ ಅಂತ ನಾನು ದಾರಿಯುದ್ದಕ್ಕೂ ಆಶ್ಚರ್ಯಪಟ್ಟುಕೊಂಡು, ಆ ಆಶ್ಚರ್ಯವನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಅದರಿಂದ ಕಲಿಯುವುದೇನಾದರೂ ಇದೆ ಎಂದು ಮಾತ್ರ ಹೊಳೆಯಲಿಲ್ಲ.

ಆರನೆಯದೂ ಬಂತು, ಚಕ್ಕುಲಿ ತುಂಬಿದ ಹಾಗೇ ಬಂತು. ಏಳನೇ ಸಲ ಎರಡು ಜನಕ್ಕಾಗುವುದನ್ನು ಕೊಟ್ಟೆ. "ನೀವು, ನಿಮ್ಮ ಮುಂದಿನ ಯಜಮಾನ್ರು," ಅಂತ ಕಣ್ಣು ಮಿಟುಕಿಸಿದೆ. ಬಂತು. ಎಂಟನೇ ಸಲ ಅದನ್ನೇ ಕಣ್ಣು ಮಿಟುಕಿಸದೆ ಕೊಟ್ಟೆ. ಬಂತು. ಎಂಟನೇ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಜನ ಗುಂಪು ಕಟ್ಟಿದ್ದರು. ಮೂವತ್ತು ವರ್ಷ ನನ್ನ ಹತ್ತಿರ ಅತ್ತವರು, ನಕ್ಕವರು, ಗುಟ್ಟು ಹೇಳಿದವರು. ಯಾರೂ ಒಳಗೆ ಬರಲಿಲ್ಲ. ಬಕ್ಕೇಶಪ್ಪ ಮಾತ್ರ ಬಂದು, "ಹಳ್ಳದ ಸಾಲಲ್ಲಿ ಒಂದು ಮಳಿಗೆ ನೋಡಿಟ್ಟಿದೀನಿ ಕಣಮ್ಮಾ. ಸೂರು ಸೋರಲ್ಲ," ಅಂದ. ಸಜ್ಜನ.

ಮಧ್ಯಾಹ್ನ ಗಿರಾಕಿಯಿಲ್ಲದ ಅಂಗಡಿಯಲ್ಲಿ ಕೂತೆ. ಅಪ್ಪ ಕೂತ ಗಾದಿ, ಅಪ್ಪ ಹಾಕಿಸಿದ ಫ್ಯಾನು. ಎದುರುಗಡೆ ಓಬಳೇಶ ಒಬ್ಬಳಿಗೆ ಜರಡಿ ಕೊಟ್ಟು ರಸ್ತೆ ನೋಡುತ್ತ ಕೂತಿದ್ದ. ಅವನು ಅಂಗಡಿ ಹಾಕಿದ ಎಂಟು ವರ್ಷದಲ್ಲಿ ಮೊದಲ ಸಲ ರಸ್ತೆ ದಾಟಿ ಅವನ ಅಂಗಡಿಗೆ ಹೋದೆ.

"ಏನು?" ಅಂದ.

"ನೀನು ಏನಪ್ಪಾ ಮಾಡ್ತೀಯ? ನಿಜ ಹೇಳು. ನಾನು ಯಾರಿಗೂ ಹೇಳಲ್ಲ."

ಆ ಕೊನೆಯ ಮಾತಿಗೆ ಅವನೂ ಸ್ವಲ್ಪ ನಕ್ಕ ಹಾಗೆ ಕಂಡಿತು. "ಏನೂ ಮಾಡಲ್ಲ ಹಾಲಕ್ಕ."

"ಏನಾದ್ರೂ ಮಾಡ್ಲೇಬೇಕಲ್ಲ!"

"ಬಕೆಟ್ ಕೇಳ್ತಾರೆ. ಬಕೆಟ್ ಕೊಡ್ತೀನಿ." ಆಮೇಲೆ ತನ್ನ ವರ್ಷದ ಮಾತನ್ನೆಲ್ಲ ಒಂದೇ ಸಲ ಖರ್ಚು ಮಾಡುವವನಂತೆ ಕೇಳಿದ: "ಆಯಮ್ಮ ಏನು ಕೇಳಿದ್ರು?"

ನಾನು ಬಾಯಿ ತೆರೆದೆ. ನಾನು ಹೇಳಿದ್ದೆಲ್ಲ ಒಂದೂ ಬಿಡದೆ ನೆನಪಿತ್ತು. ನೆಂಟರು, ಅಮ್ಮ, ಮದುವೆ, ನಾದಿನಿ. ಅವರು ಹೇಳಿದ್ದು? ಆ ಬೆರಳು ಎತ್ತ ಕಡೆ ಹೋಗಿತ್ತು ಎಂದು ನೆನಪಿಸಿಕೊಳ್ಳಲು ನಾನು ತಿರುಗಿ ನನ್ನ ಅಂಗಡಿಯನ್ನೇ ನೋಡಬೇಕಾಯಿತು. ಕೊಕ್ಕೆಯಲ್ಲಿ ಸೆಟ್ಟು ಇರಲಿಲ್ಲ. ಆರು ತಪ್ಪಲೆಗಳೂ ಕೆಳಗೆ ಸಾಲಾಗಿ ಕೂತಿದ್ದವು, ಆರರ ಕಂಠದಲ್ಲೂ ವನಮಾಲಾ. ಮೇಲೆ ತೂಗುತ್ತಿದ್ದದ್ದು ಒಂದೇ ಒಂದು, ನನ್ನಪ್ಪನೂ ಮಾರದ ಪುಟ್ಟದ್ದು.

ಸಂಜೆ ಡಾಕ್ಟರಮ್ಮ ಬರುವ ಹೊತ್ತಿಗೆ ನನಗೆ ನನ್ನ ಮೇಲೆ ಕವಡೆಯಷ್ಟೂ ನಂಬಿಕೆಯಿರಲಿಲ್ಲ. ಅದಕ್ಕೆ ಎರಡು ದವಡೆಗೂ ಎಲೆಅಡಿಕೆ ತುಂಬಿಕೊಂಡು ಕೂತೆ. ಬಾಯಿ ತೆರೆದರೆ ಸೀರೆ ಹಾಳಾಗಬೇಕು, ಹಾಗೆ. ಅವರು ಬಂದು ಮೆಟ್ಟಿಲ ಕೆಳಗೇ ನಿಂತರು. ನಾನು ಏನೂ ಕೇಳದಿರುವುದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ನನಗೆ ಜ್ವರ ಬಂದಿದೆ ಅಂದುಕೊಂಡಿರಬಹುದು. ಆಮೇಲೆ ನಿಧಾನವಾಗಿ ಮೇಲೆ ಬಂದು, ಕೊಕ್ಕೆಯ ಕಡೆ ಬೆರಳು ತೋರಿಸಿದರು.

"ಅದು."

ನನ್ನ ಗಂಟಲಲ್ಲಿ ಹನ್ನೊಂದು ಪ್ರಶ್ನೆಗಳು ತಳ್ಳಾಡುತ್ತಿದ್ದವು. ಊಟಕ್ಕೆ ಯಾರೂ ಬರುವುದಿಲ್ಲವಾ, ಯಾರೂ ಬರಬಾರದು ಅಂತಲಾ, ಯಾರಾದರೂ ಇದ್ದರಾ, ಇದ್ದವರು ಏನಾದರು. ಅಡಿಕೆಯನ್ನು ಒತ್ತಿ ಹಿಡಿದು ಕೋಲಿನಿಂದ ತಪ್ಪಲೆ ಇಳಿಸಿದೆ. ಧೂಳು ಒರೆಸಿದೆ. ಹೆಸರು ಕೊರೆಯುವ ಮೆಷಿನ್ನು ಎತ್ತಿ ಹುಬ್ಬು ಹಾರಿಸಿದೆ.

"ಹೆಸರು ಬೇಡ," ಅಂದರು.

ಹೆಸರಿಲ್ಲದ ಪಾತ್ರೆ ನನ್ನ ಅಂಗಡಿಯಿಂದ ಯಾವತ್ತೂ ಹೊರಗೆ ಹೋದದ್ದಿಲ್ಲ. ಮೆಷಿನ್ನು ಕೆಳಗಿಟ್ಟೆ. ಅವರು ತಪ್ಪಲೆ ತೆಗೆದುಕೊಂಡರು, ಒಳಗೆ ಒಮ್ಮೆ ಇಣುಕಿದರು, ಕೈಚೀಲಕ್ಕೆ ಹಾಕಿದರು. ಮೆಟ್ಟಿಲಿಳಿದವರು ತಿರುಗಿ ನಿಂತರು. ನಾನು ಎದೆ ಹಿಡಿದುಕೊಂಡೆ. ಈಗ ಹೇಳುತ್ತಾರೆ, ಆ ದೊಡ್ಡ ದುಃಖದ ಕಥೆ ಈಗ ಬರುತ್ತದೆ ಅಂದುಕೊಂಡೆ.

"ಒಂದು ಹಿಡಿ ಅಕ್ಕಿಗೆ ದೊಡ್ಡ ಪಾತ್ರೆ ಇಟ್ರೆ ತಳ ಹಿಡಿಯುತ್ತೆ ಅಕ್ಕ," ಅಂದರು. "ಅಷ್ಟೇ."

ಅಷ್ಟೇ ಅಂತೆ! ಎಂಟು ದಿನ, ಆರು ತಪ್ಪಲೆ, ಒಬ್ಬಟ್ಟು, ನಾದಿನಿಯ ಎರಡನೇ ಮದುವೆ, ಇಪ್ಪತ್ತಾರು ಸರ್ಟಿಫಿಕೇಟು. ಮೂವತ್ತು ವರ್ಷದಿಂದ ಪಾತ್ರೆ ಮಾರುವವಳಿಗೆ ದನದ ಡಾಕ್ಟರು ಬಂದು ಅನ್ನ ತಳ ಹಿಡಿಯುತ್ತದೆ ಎಂದು ಹೇಳಿಕೊಡಬೇಕಾಯಿತು. ಎಲೆಅಡಿಕೆಯ ರಸವನ್ನೂ ಆ ಮಾತನ್ನೂ ಒಟ್ಟಿಗೇ ನುಂಗಿದೆ.

ಒಂಬತ್ತನೇ ಬೆಳಿಗ್ಗೆ ಇಡೀ ಬೀದಿ ನನಗಿಂತ ಮುಂಚೆ ಎದ್ದಿತ್ತು. ನಾನು ಮನೆಯಿಂದ ಬರುವಾಗ ಗುಂಪು ಎರಡಾಗಿ ದಾರಿ ಬಿಟ್ಟಿತು. ಬಕ್ಕೇಶಪ್ಪ ಹಳ್ಳದ ಸಾಲಿನ ಮಳಿಗೆಯ ಬೀಗದಕೈಯನ್ನು ಆಗಲೇ ಹಿಡಿದುಕೊಂಡು ನಿಂತಿದ್ದ. ನನಗೆ ಮುಂದೆ ನೋಡುವ ಧೈರ್ಯವಾಗಲಿಲ್ಲ. ನೆಲ ನೋಡುತ್ತಲೇ ನಡೆದು, ಮೆಟ್ಟಿಲು ಕಾಲಿಗೆ ತಗುಲಿದಾಗ ನಿಂತೆ. ಮೊದಲ ಮೆಟ್ಟಿಲ ಮೇಲೆ ಧೂಳು. ಎರಡನೆಯದರ ಮೇಲೆ ಒಂದು ಒಣಗಿದ ಎಲೆ. ಮೂರನೆಯದರ ಮೇಲೆ ಏನೂ ಇಲ್ಲ.

"ಬಂದಿಲ್ಲ," ಅಂದ ಓಬಳೇಶ, ಎದುರಿನಿಂದ. ಅಷ್ಟು ದೂರದಿಂದ, ಕೇಳದೆ, ಅವನಾಗಿಯೇ. ಬೀದಿಯವರಿಗೆ ಅದೇ ದೊಡ್ಡ ಸುದ್ದಿಯಾಯಿತು. ಬಕ್ಕೇಶಪ್ಪ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು, ನಿಜವಾಗಿಯೂ ಸ್ವಲ್ಪ ಬೇಸರದಿಂದ, "ಒಳ್ಳೇದೇ ಆಯ್ತು ಬಿಡಮ್ಮಾ," ಅಂದ.

ಎಲ್ಲರೂ ಹೇಗಾಯಿತು ಹೇಗಾಯಿತು ಎಂದು ಮುತ್ತಿಕೊಂಡರು. ಹೇಳಲು ನನ್ನ ಹತ್ತಿರ ಒಂದೂವರೆ ಗಂಟೆಯ ಮಾತಿತ್ತು. "ಪುಟ್ಟದು ಕೇಳಿದ್ರು, ಕೊಟ್ಟೆ," ಅಂದೆ. ಯಾರೂ ನಂಬಲಿಲ್ಲ. ಸಂಘದವರು ಸಭೆ ಸೇರಿ, ಹೆಸರು ಕೊರೆಯದ ಪಾತ್ರೆಗೆ ದಾರಿ ಗೊತ್ತಾಗುವುದಿಲ್ಲ ಎಂದು ತೀರ್ಮಾನಿಸಿದರಂತೆ. ಈ ಸಲ ನಾನು ಕೈ ಎತ್ತಲು ಹೋಗಲಿಲ್ಲ.

ಡಾಕ್ಟರಮ್ಮ ಈಗಲೂ ಬರುತ್ತಾರೆ. ಒಂದು ತಟ್ಟೆ, ಒಂದು ಲೋಟ, ಒಂದು ಸೌಟು. ಅವರು ಬೀದಿ ತಿರುಗುವುದು ಕಂಡ ಕೂಡಲೇ ನಾನು ಎಲೆಅಡಿಕೆಯ ಡಬ್ಬಿಗೆ ಕೈ ಹಾಕುತ್ತೇನೆ. ಆ ಆರು ತಪ್ಪಲೆಗಳನ್ನು ಯಾರೂ ಕೊಳ್ಳುವಂತಿರಲಿಲ್ಲ, ಮನೆಗೇ ತಂದುಕೊಂಡೆ. ಅನ್ನ ಒಂದರಲ್ಲಿ, ಸಾರು ಒಂದರಲ್ಲಿ, ಹಾಲು ಒಂದರಲ್ಲಿ. ಊಟಕ್ಕೆ ಬಂದ ನೆಂಟರು ಬಡಿಸುವಾಗ ಕಂಠದ ಮೇಲಿನ ಹೆಸರು ಓದಿ, ಮತ್ತೊಂದರಲ್ಲೂ ಅದೇ ಹೆಸರು ನೋಡಿ, "ವನಮಾಲಾ ಯಾರಕ್ಕಾ? ತುಂಬಾ ಹತ್ತಿರದ ಸಂಬಂಧವಾ?" ಎಂದು ಕೇಳುತ್ತಾರೆ.

"ನನಗೆ ಅವರ ವಿಷಯ ಏನೂ ಗೊತ್ತಿಲ್ಲ," ಅನ್ನುತ್ತೇನೆ, ಇನ್ನೊಂದು ಸೌಟು ಸಾರು ಬೇಕೇ ಎಂದು ಕೇಳಿಕೊಂಡೇ ಹಾಕುತ್ತಾ. "ನನ್ನ ಗಿರಾಕಿ."